ಪ್ರಿಂಟರ್ ನಿಂತಾಗ ಬರುತ್ತಿದ್ದ ಫೋನು

ಎಂಬತ್ತರ ದಶಕದ ಕೊನೆಗೆ, ಪುತ್ತೂರಿನಲ್ಲಿ ಅಡಿಕೆ, ರಬ್ಬರ್ ಕೊಳ್ಳುವ ಕಚೇರಿಯೊಂದರ ಕಂಪ್ಯೂಟರ್ ರೂಮಿನಲ್ಲಿ ನಾನೊಬ್ಬಳೇ ಕೆಲಸಕ್ಕಿದ್ದೆ. ಏಸಿ ಇದ್ದುದರಿಂದ ಕಿಟಕಿ ತೆರೆಯುವಂತಿಲ್ಲ. ಧೂಳು ಬರಬಾರದೆಂದು ಚಪ್ಪಲಿ ಹೊರಗೆ. ಬಾಗಿಲಿನವರೆಗೆ ಬಂದವರೂ ನನ್ನ ಒಂದು ಜೋಡಿ ಚಪ್ಪಲಿ ನೋಡಿ, ಒಳಗೆ ಪೂಜೆಯೇನೋ ಎಂಬಂತೆ ಹಿಂದಿರುಗುತ್ತಿದ್ದರು. ಕಾನ್ವೆಂಟಿನಲ್ಲಿ ಸಿಸ್ಟರ್ಸ್ ತಿದ್ದಿ ತಿದ್ದಿ ಕಲಿಸಿದ ಇಂಗ್ಲಿಷನ್ನು ದಿನವಿಡೀ ಒಂದು ಮೆಷಿನ್ನಿನೊಂದಿಗೆ ಆಡುತ್ತಿದ್ದೆ. ಬಾಡಿಗೆಯ ಕೋಣೆಗೆ ಹೋದರೆ ಅದೂ ಇಲ್ಲ.

ಪ್ರಿಂಟರ್ ಇದ್ದದ್ದು ಕೆಳಗೆ, ಕೌಂಟರಿನ ಪಕ್ಕ. ಕೃಷಿಕರ ತೂಕದ ಚೀಟಿಗಳು ಮೆಷಿನ್ನಿನೊಳಗೆ ಕ್ಯೂ ನಿಂತು ಒಂದೊಂದಾಗಿ ಅಚ್ಚಾಗಬೇಕು. ಮುಂದಿನದು ಸಿಕ್ಕಿಕೊಂಡರೆ ಹಿಂದಿನದೆಲ್ಲ ಸ್ಟಾಪ್. ಕಾಗದ ಸರಿಮಾಡಿದರೂ ಕ್ಯೂ ತಾನಾಗಿ ಹೊರಡದು. ನಾನು ಮೇಲಿನಿಂದ ಕಮಾಂಡ್ ಕೊಡಬೇಕು. ಆಗ ಕೌಂಟರಿನ ಹೆಂಗಸು ಫೋನು ಮಾಡುತ್ತಿದ್ದರು. ನೆಲ್ಯಾಡಿ ಕಡೆಯವರು, ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆಯವರು. ನನ್ನ ಇಂಗ್ಲಿಷಿಗೋ ಏನೋ, ನನಗೆ ‘ಟೀಚರೇ’ ಎನ್ನುತ್ತಿದ್ದರು. ಪ್ರಿಂಟರಿಗೆ ‘ನಿಮ್ಮ ಯಜಮಾನರು’. ನನಗೆ ಮದುವೆಯಾಗಿರಲಿಲ್ಲ.

“ಟೀಚರೇ, ನಿಮ್ಮ ಯಜಮಾನರು ಪುನಃ ಮಲಗಿದ್ರು ಮಾರಾಯ್ರೆ.”

“ಒನ್ ಮಿನಿಟ್, ಎಬ್ಬಿಸ್ತೇನೆ.”

“ನಿಧಾನ ಎಬ್ಬಿಸಿ. ಊಟಕ್ಕೆ ಎಂತ ಇತ್ತು?”

“ಮೊಸರು, ಉಪ್ಪಿನಕಾಯಿ.”

“ಅಯ್ಯೋ, ಆಸ್ಪತ್ರೆಯಲ್ಲಿ ಇದಕ್ಕಿಂತ ಒಳ್ಳೇದು ಕೊಡ್ತಾರೆ!”

ಚೀಟಿಗಳು ಹೊರಟ ಮೇಲೂ ನಮ್ಮ ಮಾತು ನಡೆಯುತ್ತಿತ್ತು.

ಒಂದು ಸಂಜೆ ಪ್ರಿಂಟರ್ ನಿಂತು ಚೀಟಿ ತಡವಾಗಿ, ಕೋಡಿಂಬಾಳದ ಮುದುಕರೊಬ್ಬರಿಗೆ ಕಡಬದ ಬಸ್ಸು ತಪ್ಪಿತು. ನಾನು ಮನೆಗೆ ಹೊರಟಾಗ ಬೆಂಚಿನಲ್ಲಿ ಕುಳಿತಿದ್ದರು, ಯಾರನ್ನೂ ಬೈಯದೆ. ಮನಸ್ಸು ತಡೆಯಲಿಲ್ಲ. ಮ್ಯಾನ್ಯುಯಲ್ ಓದಿ ಒಂದು ಪುಟ್ಟ ಪ್ರೋಗ್ರಾಂ ಬರೆದೆ. ಅದು ಆಗಾಗ ಎದ್ದು ಕ್ಯೂ ನೋಡುವುದು. ಚೀಟಿ ಕದಲದಿದ್ದರೆ ಪ್ರಿಂಟಿಂಗ್ ನಿಲ್ಲಿಸಿ, ಪುನಃ ಶುರುಮಾಡಿ, ಸಿಕ್ಕಿಕೊಂಡದ್ದನ್ನೇ ಮೊದಲು ಕಳಿಸುವುದು. ಇಷ್ಟೇ. ಬಸ್ಸು ತಪ್ಪುವುದು ನಿಂತಿತು.

“ವೆರಿ ಗುಡ್ ಮೇಡಂ, ಇನ್ನು ನಿಮಗೆ ನೋ ಡಿಸ್ಟರ್ಬೆನ್ಸ್,” ಎಂದರು ಮ್ಯಾನೇಜರ್.

ಹಾಗೇ ಆಯಿತು. ಮೊದಲ ಕೆಲವು ದಿನ ಹೆಮ್ಮೆ. ಆಮೇಲೆ ಲೈನ್ ಉಂಟೋ ಇಲ್ಲವೋ ಎಂದು ರಿಸೀವರ್ ಎತ್ತಿ ನೋಡತೊಡಗಿದೆ. ಲೈನ್ ಇತ್ತು.

ಮೆಟ್ಟಿಲಲ್ಲಿ ಕೌಂಟರಿನ ಹೆಂಗಸು ಸಿಕ್ಕಿದಾಗ ಕೇಳಿದೆ: “ಈಗ ಫೋನೇ ಇಲ್ಲ ನಿಮ್ಮದು?”

“ನಾನು ಉಪದ್ರ ಕೊಡುದು ಜಾಸ್ತಿ ಆಗಿತ್ತಲ್ಲ ಟೀಚರೇ. ಅದಕ್ಕೇ ಅಲ್ವಾ ನೀವು ಅದನ್ನು ಮಾಡಿದ್ದು?”

ನಗುತ್ತಲೇ ಅಂದರು. “ನೋ, ನೋ, ಹಾಗಲ್ಲ” ಎನ್ನುವಷ್ಟರಲ್ಲಿ ಯಾರೋ ಕೌಂಟರಿನಿಂದ ಕರೆದರು. ಹೋದರು.

ಮರುದಿನ ನಾನೇ ಫೋನು ಮಾಡಿದೆ.

“ಎಂತ ಟೀಚರೇ? ಪ್ರಿಂಟರಿಗೆ ಎಂತ ಆಯ್ತು?”

“ಎಂತ ಆಗ್ಲಿಲ್ಲ. ಸುಮ್ಮನೆ, ನಿಮ್ಮ ಹತ್ತಿರ ಮಾತಾಡುವ ಅಂತ.”

ಆಚೆ ಪ್ರಿಂಟರ್ ಕರಕರ ಎಂದು ನಡೆಯುತ್ತಿತ್ತು.

“ಇಲ್ಲಿ ಜನ ಉಂಟು ಟೀಚರೇ. ಆಮೇಲೆ ಮಾಡ್ತೇನೆ, ಆಯ್ತಾ?”

ಆಯ್ತು ಎಂದೆ. ಅವತ್ತು ಕಚೇರಿ ಮುಚ್ಚುವವರೆಗೂ ಟರ್ಮಿನಲ್ಲಿನ ತೆರೆಯ ಎದುರು, ಫೋನಿನ ಪಕ್ಕದಲ್ಲೇ ಕುಳಿತಿದ್ದೆ. ಚೀಟಿಗಳು ಒಂದರ ಹಿಂದೆ ಒಂದು ಹೋದವು, ಎಲ್ಲಿಯೂ ನಿಲ್ಲದೆ.