ಬಾವಿಗೆ ಬಿಟ್ಟ ಲಾಂದ್ರ

ಹಿಂದಿನ ದಿನ ಎಲ್ಲವೂ ಎಂದಿನಂತೆಯೇ ಇತ್ತು. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗಿ, ಅಣ್ಣ ತೋಡುತ್ತಿದ್ದ ಬಾವಿಯ ದಡದಲ್ಲಿ ನಿಂತು "ಅಣ್ಣಾ" ಎಂದು ಕೂಗಿದೆ. ಒಳಗಿನಿಂದ "ಓ" ಎಂದ. ಕಲ್ಲಿಗೆ ಬಡಿದು ಬರುವ ಆ ದನಿ ಅಣ್ಣನ ದನಿಗಿಂತ ದಪ್ಪ. ನನಗೆ ದಿನಾ ನಗು ಬರುತ್ತಿತ್ತು.

ಕಾಮಗೆರೆಯಿಂದ ಹನೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಹೊಲ. ಅಲ್ಲಿ ಹಿಪ್ಪುನೇರಳೆ ಹಾಕಬೇಕೆಂದು ಅಣ್ಣನ ಆಸೆ. ಬಾವಿ ತೋಡುವವರಿಗೆ ಸರ್ಕಾರ ಸಬ್ಸಿಡಿ ಕೊಡುತ್ತಿದ್ದ ಕಾಲ ಅದು. ಮೊದಲ ಕಂತು ಬಂಡೆ ಸಿಡಿಸುವುದರಲ್ಲೇ ಮುಗಿದಿತ್ತು. ಎರಡನೆಯದು ಬರಬೇಕಾದರೆ ಓವರ್ಸೀಯರು ಬಂದು ಆಳ ಅಳೆಯಬೇಕು. ಆ ಸಂಜೆ ಅವರ ಜವಾನ ಸೈಕಲ್ಲಿನಲ್ಲಿ ಬಂದ.

"ನಾಳೆ ಮಧ್ಯಾನ್ಕೆ ಸಾಯೇಬ್ರು ಬತ್ತಾರೆ. ನೀರೆಲ್ಲ ಎತ್ತಿ ತಳ ತೋರಿಸ್ಬೇಕಂತೆ. ಇಲ್ದಿದ್ರೆ ಮುಂದಿನ ವರ್ಸವೇ."

ನೀರು ಆಗಷ್ಟೇ ಸಿಕ್ಕಿತ್ತು. ಸಿಕ್ಕಿದ್ದನ್ನು ಹೊರಗೆ ಚೆಲ್ಲಬೇಕಾಯಿತು.

ಬೆಳಿಗ್ಗೆ ಪಕ್ಕದ ಹೊಲದವರ ಆಯಿಲ್ ಇಂಜಿನ್ ತಂದರು. ದಡದ ಮೇಲಿಟ್ಟರೆ ಅದು ಅಷ್ಟು ಆಳದಿಂದ ನೀರೆಳೆಯಲಿಲ್ಲ. ಹಗ್ಗ ಕಟ್ಟಿ, ಬಾವಿಯ ಅರ್ಧ ಆಳದಲ್ಲಿ ಬಿಟ್ಟಿದ್ದ ಕಲ್ಲಿನ ಕಟ್ಟೆಗೆ ಇಳಿಸಿ, ಚಾಲೂ ಮಾಡಿ ಅಣ್ಣ ಮೇಲೆ ಬಂದ. ಹೊಗೆ ಒಳಗೇ ಸುತ್ತಿತು. ಕಲ್ಲಿನ ಸಂದಿಯಲ್ಲಿದ್ದ ಪಾರಿವಾಳಗಳು ಎದ್ದುಹೋದವು. ಎಣ್ಣೆ ತೀರಿ ಇಂಜಿನ್ ನಿಂತು, ಹೊಗೆ ತಿಳಿಯಾದ ಮೇಲೂ ಅವು ತಿರುಗಿ ಬರಲಿಲ್ಲ. ಎಲ್ಲರೂ ನೋಡಿದೆವು.

ತಳದ ಕೆಸರು ಬಳಿಯುವುದು ಬಾಕಿ ಇತ್ತು. ನಮ್ಮ ಕಡೆ ಬಾವಿಗೆ ಇಳಿಯುವ ಮುಂಚೆ ಹಚ್ಚಿದ ಲಾಂದ್ರವನ್ನು ಹಗ್ಗದಲ್ಲಿ ಬಿಡುತ್ತಾರೆ. ಅದು ಆರಿದರೆ ಯಾರೂ ಇಳಿಯುವುದಿಲ್ಲ.

"ಲಾಂದ್ರ ಬುಡದೆ ಕಾಲಿಡ್ಬೇಡ ಕಣ್ಲಾ" ಎಂದರು ಅಪ್ಪ.

"ಬುಟ್ಟಿವ್ನಿ ನೋಡಪ್ಪೋ. ನಿನ್ ಬೀಡಿಗಿಂತ ಚೆಂದಾಗಿ ಉರೀತದೆ."

ಅಪ್ಪ ಬಗ್ಗಿ ನೋಡಿದರು. ಉರಿಯುತ್ತಿತ್ತು. "ಸರಿ, ಇಳಿ" ಎಂದರು.

ಅಣ್ಣ ಇಳಿದ. ಒಂದು ಬಕೆಟ್ಟು ಕೆಸರು ಮೇಲೆ ಬಂತು. ನಾನು ಕೂಗಿದೆ, "ಓ" ಎಂದ. ಆಮೇಲೆ ಹಗ್ಗ ಸಡಿಲಾಗಿಯೇ ಉಳಿಯಿತು. ಮತ್ತೆ ಕೂಗಿದೆ. ಅಪ್ಪ ಬಗ್ಗಿದರು. ಅಣ್ಣ ಪಕ್ಕಕ್ಕೆ ಒರಗಿ ಬಿದ್ದಿದ್ದ. ಅವನ ತಲೆಯ ಹತ್ತಿರ ಲಾಂದ್ರ ಉರಿಯುತ್ತಲೇ ಇತ್ತು.

ಹಾರಲು ಹೋದ ಅಪ್ಪನನ್ನು ಪಕ್ಕದ ಹೊಲದವರು ಹಿಡಿದುಕೊಂಡರು. "ಉರೀತದಲ್ಲಾ... ಇನ್ನೂ ಉರೀತದಲ್ಲಾ..." ಎಂದು ಅಪ್ಪ ಅದನ್ನೇ ಹೇಳುತ್ತಿದ್ದರು.

ಇಂಜಿನ್ನಿನ ವಿಷದ ಗಾಳಿಗೆ ದೀಪ ಆರಬೇಕೆಂದೇನಿಲ್ಲ ಎಂದು ಆಸ್ಪತ್ರೆಯಲ್ಲಿ ಹೇಳಿದರು. ನಮ್ಮಲ್ಲಿ ಯಾರಿಗೂ ಅದು ತಿಳಿದಿರಲಿಲ್ಲ. ಅಲ್ಲಿಯವರೆಗೆ ಬಾವಿಯೊಳಗೆ ಇಂಜಿನ್ ಇಳಿಸಿದವರೇ ಊರಲ್ಲಿ ಇರಲಿಲ್ಲ.

ಓವರ್ಸೀಯರು ಇನ್ನೊಂದು ದಿನ ಬಂದು, ನೀರಿದ್ದಂತೆಯೇ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ ಆಳ ನೋಡಿದರು. ಎರಡನೇ ಕಂತು ಬಂತು. ಹಿಪ್ಪುನೇರಳೆಯೂ ಚೆನ್ನಾಗಿ ಬಂತು. ಸೊಪ್ಪು ಕೊಯ್ಯಲು ಹೋದಾಗ, ಹತ್ತಿರ ಯಾರೂ ಇಲ್ಲದಿದ್ದರೆ, ನಾನು ದಡದಲ್ಲಿ ನಿಂತು ಕೂಗುತ್ತೇನೆ. ನನ್ನ ದನಿಯೇ ತಿರುಗಿ ಬರುತ್ತದೆ. "ಓ" ಎನ್ನುವುದು ಇಲ್ಲ.