ಲತಾ ಮೇಡಂ ಹಾಡಿನ ನಾಲ್ಕನೆಯ ಸಾಲು

ಕೌಲಾಲಂಪುರದ ಮಾಂಟ್ ಕಿಯಾರಾ ಬಡಾವಣೆಯ ಕನ್ನಡದ ಮನೆಗಳಲ್ಲಿ ಮಗುವಿಗೆ ಗಣಿತದಲ್ಲಿ ಮಾರ್ಕ್ಸ್ ಕಡಿಮೆ ಬಂತೆಂದರೆ ಸಾಕು, ತಾಯಂದಿರ ಬಾಯಿಗೆ ಮೊದಲು ಬರುತ್ತಿದ್ದ ಹೆಸರು ಲತಾ ಮೇಡಂ. ಪೂರ್ತಿ ಹೆಸರು ಸ್ವರ್ಣಲತಾ, ವಯಸ್ಸು ನಲವತ್ತೊಂಬತ್ತು, ಮನೆ ಹದಿಮೂರು-ಎ ಮಹಡಿಯಲ್ಲಿ. ಚೀನೀಯರಿಗೆ ನಾಲ್ಕು ಅಪಶಕುನವೆಂದು ಹದಿನಾಲ್ಕಕ್ಕೂ ಹೆದರಿ ಅದನ್ನು ಹದಿಮೂರು-ಎ ಎಂದು ಕರೆಯುವ ಊರಿಗೆ ಗಣಿತ ಹೇಳಿಕೊಡಲು ಮೈಸೂರಿನವಳೇ ಬರಬೇಕಾಯಿತು ಎಂದು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿ ನಗುತ್ತಿದ್ದಳು. ಆ ನಗುವಿನಲ್ಲಿ ಸ್ವಲ್ಪ ಜಂಬ ಇತ್ತು, ಇಲ್ಲವೆನ್ನುವುದಿಲ್ಲ.

ಊಟದ ಮೇಜೇ ಕ್ಲಾಸು. ಬುಧವಾರ ಸಂಜೆ ಐದಕ್ಕೆ ಐದು ಮಕ್ಕಳು, ನಡುವೆ ಒಂದು ತಟ್ಟೆ ಚಕ್ಕುಲಿ. ಗಂಡನ ವೀಸಾದ ಮೇಲೆ ಬಂದವಳು ಸಂಬಳಕ್ಕೆ ದುಡಿಯುವ ಹಾಗಿಲ್ಲ, ಹಾಗಾಗಿ ಪಾಠ ಪುಕ್ಕಟೆ. ಅವಳಿಗೆ ಬೇಕಾಗಿದ್ದದ್ದೂ ದುಡ್ಡಲ್ಲ ಬಿಡಿ, ಮೇಡಂ ಅನ್ನಿಸಿಕೊಳ್ಳುವುದು.

ಒಂದು ಕಾಲಕ್ಕೆ ನಿಜವಾಗಿಯೂ ಮೇಡಂ ಆಗಿದ್ದವಳೇ. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ಮೈಸೂರಿನ ಒಂದು ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷ ಪಾಠ ಮಾಡಿದ್ದಳು. ಒಂದೊಂದು ಸೆಕ್ಷನ್ನಿಗೆ ಎಂಬತ್ತು ಮಕ್ಕಳು, ಕತ್ತಿನ ಮೇಲೆ ಸಿಇಟಿ. ಯಾವ ಸೂತ್ರ ಎಲ್ಲಿಂದ ಹುಟ್ಟಿತು ಎಂದು ಹೇಳಿಕೊಂಡು ಕೂರಲು ಯಾರಿಗೆ ಪುರಸೊತ್ತು? ಅದಕ್ಕೇ ಅವಳು ತ್ರಿಕೋನಮಿತಿಯ ಸೂತ್ರಗಳನ್ನು ಹಾಡು ಮಾಡಿಬಿಟ್ಟಿದ್ದಳು. ಎರಡು ಸೈನ್ ಅಥವಾ ಎರಡು ಕಾಸ್ ಕೂಡಿದ್ದನ್ನೋ ಕಳೆದದ್ದನ್ನೋ ಗುಣಾಕಾರಕ್ಕೆ ತಿರುಗಿಸುವ ನಾಲ್ಕು ಸೂತ್ರಗಳಿಗೆ ನಾಲ್ಕು ಸಾಲು. ಸೈನು ಕೂಡು ಸೈನು, ಎರಡು ಸೈನು ಕಾಸು. ಸೈನು ಕಳೆ ಸೈನು, ಎರಡು ಕಾಸು ಸೈನು. ಕಾಸು ಕೂಡು ಕಾಸು, ಎರಡು ಕಾಸು ಕಾಸು. ಕಾಸು ಕಳೆ ಕಾಸು, ಎರಡು ಸೈನು ಸೈನು. ಹಿಂದಿನ ಬೆಂಚಿನವರು ಅದನ್ನು ಎರಡು ಕಾಸಿನ ಹಾಡು ಎಂದು ಗೇಲಿ ಮಾಡುತ್ತಿದ್ದರು. ಪರೀಕ್ಷೆಯ ಹಾಲಿನಲ್ಲಿ ಅವರೇ ತುಟಿ ಅಲ್ಲಾಡಿಸುತ್ತ ಕೂತಿರುತ್ತಿದ್ದರು.

ಗಂಡ ಗುರುದತ್‌ಗೆ ಕೌಲಾಲಂಪುರದಲ್ಲಿ ಕೆಲಸವಾಗಿ ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ಮೊದಲ ಒಂಬತ್ತು ವರ್ಷ ಅವಳ ಕೈಗೆ ಸೀಮೆಸುಣ್ಣ ತಾಗಲಿಲ್ಲ. ಆಮೇಲೆ ಯಾರೋ ಒಬ್ಬರು ಮಗುವನ್ನು ಕಳಿಸಿದರು, ಒಂದು ಐದಾಯಿತು, ಹಳೆಯ ಹಾಡು ಬಾಯಿಗೆ ತಾನಾಗಿ ಬಂತು. ಪ್ರತಿ ಮಗುವಿನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ತಾನೇ ಮುತ್ತಿನಂಥ ಅಕ್ಷರದಲ್ಲಿ ನಾಲ್ಕೂ ಸೂತ್ರ ಬರೆದು, ಸುತ್ತ ಚೌಕ ಎಳೆದು, ಮೂಲೆಯಲ್ಲೊಂದು ನಕ್ಷತ್ರ ಹಾಕಿ ಕೊಡುತ್ತಿದ್ದಳು.

ಕಳೆದ ಮಾರ್ಚಿನ ಒಂದು ಬುಧವಾರ ದೀಕ್ಷಿತಾ ಮುಖ ಸಣ್ಣ ಮಾಡಿಕೊಂಡು ಬಂದಳು. ಏಳನೆಯ ಮಹಡಿಯ ಭವ್ಯಶ್ರೀಯ ಮಗಳು, ಹದಿನೇಳು ವರ್ಷ, ಐವರಲ್ಲಿ ಚುರುಕು. ಇಲ್ಲೇ ಬೆಳೆದ ಹುಡುಗಿ, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹೆಚ್ಚುಪಾಲು ಇಂಗ್ಲಿಷಿನಲ್ಲಿ.

"ಆಂಟಿ, ಸಿಕ್ಸ್ ಮಾರ್ಕ್ಸ್ ಗಾನ್" ಎಂದು ಸ್ಕೂಲಿನ ಟೆಸ್ಟ್ ಪೇಪರ್ ಮುಂದಿಟ್ಟಳು.

ಲೆಕ್ಕ ಸುಲಭದ್ದೇ. ಕಾಸ್ ಐದು ಎಕ್ಸ್‌ನಿಂದ ಕಾಸ್ ಮೂರು ಎಕ್ಸ್ ಕಳೆದರೆ ಸೈನ್ ನಾಲ್ಕು ಎಕ್ಸ್ ಬರುತ್ತದೆ, ಅದು ಸೊನ್ನೆಯಲ್ಲ, ಹಾಗಾದರೆ ಎಕ್ಸ್‌ಗೆ ಅತಿ ಚಿಕ್ಕ ಧನ ಬೆಲೆ ಎಷ್ಟು? ದೀಕ್ಷಿತಾ ಹಾಡಿನಂತೆ ಎಡಗಡೆಯದನ್ನು ಗುಣಾಕಾರ ಮಾಡಿದ್ದಳು: ಎರಡು ಸೈನ್ ನಾಲ್ಕು ಎಕ್ಸ್ ಸೈನ್ ಎಕ್ಸ್. ಅಲ್ಲಿಂದ ಸೈನ್ ಎಕ್ಸ್ ಅರ್ಧ, ಉತ್ತರ ಮೂವತ್ತು ಡಿಗ್ರಿ. ಟೀಚರು ಆ ಎರಡರ ಹಿಂದೆ ಕೆಂಪು ಶಾಯಿಯಲ್ಲಿ ಒಂದು ಮೈನಸ್ ಹಾಕಿ, ಕೆಳಗಿನದನ್ನೆಲ್ಲ ಹೊಡೆದುಹಾಕಿ, ಪಕ್ಕದಲ್ಲಿ ಸರಿಯುತ್ತರ ಬರೆದಿದ್ದರು.

"ಈ ಸೂತ್ರದಲ್ಲಿ ಮೈನಸ್ಸೇ ಇಲ್ಲ ಕಣೇ" ಎಂದಳು ಸ್ವರ್ಣಲತಾ. "ಹನ್ನೊಂದು ವರ್ಷ ಹೇಳ್ಕೊಟ್ಟಿದೀನಿ, ನಂಗೊತ್ತಿಲ್ವಾ?"

"ಬಟ್ ಮಿಸ್ ಲೆಚುಮಿ ಬೋರ್ಡ್ ಮೇಲೆ ಪ್ರೂವ್ ಮಾಡಿದ್ರು ಆಂಟಿ. ಹಾಫ್ ಅನ್ ಅವರ್."

"ಅರ್ಧ ಗಂಟೆ! ಎರಡು ನಿಮಿಷದ ಬಾಯಿಪಾಠಕ್ಕೆ. ಎಲ್ಲಿ, ನಾಲ್ಕನೇ ಸಾಲು ಹಾಡು."

ಹುಡುಗಿ ಹಾಡಿದಳು. ಉಳಿದ ನಾಲ್ವರೂ ದನಿಗೂಡಿಸಿದರು. ಮೈನಸ್ ಎಲ್ಲಿದೆ ತೋರಿಸು ಎಂದು ಸ್ವರ್ಣಲತಾ ಕೇಳಿದಾಗ ದೀಕ್ಷಿತಾ ಕ್ಯಾಲ್ಕುಲೇಟರಿನಲ್ಲಿ ಏನೋ ಒತ್ತಿ ನೋಡಿ, ಅದನ್ನು ಬ್ಯಾಗಿಗೆ ಹಾಕಿಕೊಂಡಳು.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಿಡುವ ಜಾಯಮಾನ ಲತಾ ಮೇಡಂದಲ್ಲ. ಮಕ್ಕಳು ಹೋಗುವಷ್ಟರಲ್ಲಿ ಕನ್ನಡ ತಾಯಂದಿರ ವಾಟ್ಸಾಪ್ ಗುಂಪಿಗೆ ಒಂದು ವಾಯ್ಸ್ ಮೆಸೇಜ್ ಹೋಯಿತು. ಟೀಚರಿಗೆ ಪ್ಲಸ್ ಯಾವುದು ಮೈನಸ್ ಯಾವುದು ಗೊತ್ತಿಲ್ಲ, ನಮ್ಮ ಮಕ್ಕಳ ಮಾರ್ಕ್ಸ್ ಕಟ್ ಮಾಡ್ತಾರೆ ಎಂದು ಶುರುವಾಗಿ, ಕೊನೆಗೆ ನಾಲಿಗೆ ಜಾರಿತು. "ಲಕ್ಷ್ಮಿ ಅನ್ನೋ ಹೆಸರನ್ನ ಲೆಚುಮಿ ಅಂತ ಬರ್ಕೊಳ್ಳೋರು, ಎಸ್ಟೇಟ್ ಕಡೆಯವರು. ಅವರಿಂದ ಇನ್ನೇನ್ ಎಕ್ಸ್‌ಪೆಕ್ಟ್ ಮಾಡೋದು?" ಮಿಸ್ ಲೆಚುಮಿ ಕಪಾರ್ ಎಂಬ ಊರಿನ ಕಡೆಯ ರಬ್ಬರ್ ಎಸ್ಟೇಟಿನಲ್ಲಿ ತಮಿಳು ಕೂಲಿಗಳ ಲೈನ್ ಮನೆಯಲ್ಲಿ ಹುಟ್ಟಿ, ಓದಿ ಮೇಲೆ ಬಂದ ಹೆಂಗಸು ಎಂಬುದು ಸ್ವರ್ಣಲತಾಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದ ಮಾತು ಅದು. ಹನ್ನೆರಡು ಜನ ನಗುವ ಮುಖ ಕಳಿಸಿದರು. ಎರಡು ದಿನದಲ್ಲಿ ಐದು ಮನೆಗಳಿಂದ ಸ್ಕೂಲಿಗೆ ದೂರು ಹೋಯಿತು. ಸೋಮವಾರಕ್ಕೆ ಪ್ರಿನ್ಸಿಪಾಲರು ಮಾತಿಗೆ ಕರೆದರು, ಭವ್ಯಶ್ರೀ ಲತಾ ಮೇಡಂಗೂ ಬನ್ನಿ ಎಂದಳು.

ಭಾನುವಾರ ಮಧ್ಯಾಹ್ನ ಸ್ವರ್ಣಲತಾ ಆ ಲೆಚುಮಿಯ ಮುಖಕ್ಕೆ ಹಿಡಿಯಬೇಕೆಂದು ಲೆಕ್ಕವನ್ನು ಬಿಳಿ ಹಾಳೆಯಲ್ಲಿ ಚೆಂದಕ್ಕೆ ಬರೆದಳು. ಕೊನೆಗೆ ತಾಳೆ ನೋಡೋಣವೆಂದು ಎಕ್ಸ್ ಜಾಗಕ್ಕೆ ಮೂವತ್ತು ಹಾಕಿದಳು. ಬಲಗಡೆ ಸೊನ್ನೆ ಪಾಯಿಂಟ್ ಎಂಟು ಆರು ಆರು. ಎಡಗಡೆಯೂ ಅದೇ ಅಂಕಿ, ಹಿಂದೊಂದು ಮೈನಸ್ಸು. ಮತ್ತೆ ಒತ್ತಿದಳು. ಮತ್ತೂ ಮೈನಸ್ಸು. ಇನ್ನೂರ ಹತ್ತು ಹಾಕಿದರೆ ಎರಡೂ ಕಡೆ ಕರಾರುವಾಕ್ಕಾಗಿ ಕೂತಿತು, ಅದು ಟೀಚರು ಕೆಂಪು ಶಾಯಿಯಲ್ಲಿ ಬರೆದಿದ್ದ ಉತ್ತರ.

ಆಗ ನೆನಪಾಯಿತು ಅವಳಿಗೆ. ನಾಲ್ಕನೆಯ ಸಾಲಿಗೆ ಒಂದು ಬಾಲ ಇತ್ತು. ಕಾಸು ಕಳೆ ಕಾಸು, ಎರಡು ಸೈನು ಸೈನು, ಕೊನೆಯದು ತಿರುಗಿಸು ನೀನು. ಮಿಕ್ಕ ಸೂತ್ರಗಳಲ್ಲಿ ಮೊದಲ ಕೋನದಿಂದ ಎರಡನೆಯದನ್ನು ಕಳೆಯಬೇಕು. ಅವರ ಕಾಲೇಜಿನಲ್ಲಿ ಇದೊಂದರಲ್ಲಿ ಎರಡನೆಯದರಿಂದ ಮೊದಲನೆಯದನ್ನು ಕಳೆಯುತ್ತಿದ್ದರು. ಮೈನಸ್ಸು ಆ ತಿರುವಿನೊಳಗೇ ಕೂತಿರುತ್ತಿತ್ತು. ಇಲ್ಲಿಯವರು ಅದನ್ನೇ ತೆಗೆದು ಎದುರಿಗೆ ಇಡುತ್ತಾರೆ, ಎರಡೂ ಒಂದೇ. ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದಾಗ ಆ ಬಾಲ ಎಲ್ಲೋ ಉದುರಿಹೋಗಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ಮಿಸ್ ಲೆಚುಮಿ ಸರಿ. ಮೈಸೂರಿನ ಪುಸ್ತಕವೂ ಸರಿ. ತಪ್ಪಿದವಳು ಲತಾ ಮೇಡಂ ಒಬ್ಬಳೇ.

ಅವಳ ಕಿವಿ ಬಿಸಿಯಾಯಿತು. ಗಣಿತ ತಪ್ಪಿದ್ದಕ್ಕಲ್ಲ, ಲೆಕ್ಕ ಯಾರಿಗೆ ತಪ್ಪುವುದಿಲ್ಲ? ಆ ಎಸ್ಟೇಟಿನ ಮಾತು ನೆನೆದು. ಅದನ್ನು ಡಿಲೀಟ್ ಮಾಡೋಣವೆಂದು ಫೋನ್ ಎತ್ತಿದರೆ ಅದರ ಅವಧಿಯೂ ಮುಗಿದುಹೋಗಿತ್ತು. ಗುರುದತ್ ಹತ್ತಿರ ಹೇಳಿಕೊಂಡಳು. ಅವನು ಟಿವಿಯಿಂದ ಮುಖ ತಿರುಗಿಸದೆ, "ನಾಳೆ ಹೋಗಿ ಹೇಳ್ಬಿಡು ಮಾರಾಯ್ತಿ, ಮುಗೀತು" ಎಂದ. ಹೇಳುವುದೆಂದೇ ಅವಳೂ ನಿರ್ಧರಿಸಿದಳು.

ಹೇಳಲಿಲ್ಲ. ಪ್ರಿನ್ಸಿಪಾಲರ ಕೋಣೆಯಲ್ಲಿ ಭವ್ಯಶ್ರೀ ಪಕ್ಕದಲ್ಲಿದ್ದಳು, ಎದುರಿಗೆ ಮಿಸ್ ಲೆಚುಮಿ, ಸಣ್ಣ ಆಳು, ಕಾಟನ್ ಸೀರೆ, ಕೈಯಲ್ಲಿ ಒಂದು ತೆಳು ಫೈಲು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಟೀಚರು ಯಾರ ಮೇಲೂ ಸಿಡುಕಲಿಲ್ಲ. ಭಾರತದ ಪುಸ್ತಕಗಳಲ್ಲಿ ಕೊನೆಯ ಕೋನವನ್ನು ತಿರುಗಿಸಿ ಬರೆಯುತ್ತಾರೆ, ಅದೂ ಸರಿಯೇ, ಮಗುವಿನ ನೋಟ್ಸಿನಲ್ಲಿ ಹೇಗಿದೆ ನೋಡೋಣ ಎಂದರು. ದೀಕ್ಷಿತಾಳನ್ನು ನೋಟ್‌ಬುಕ್ ಸಮೇತ ಕರೆಸಿದರು. ಹುಡುಗಿ ಪುಸ್ತಕ ತೆಗೆದಳು. ಮೊದಲ ಪುಟ ಇರಲಿಲ್ಲ. ಬುಡದಲ್ಲಿ ಸ್ಕೇಲ್ ಇಟ್ಟು ಹರಿದ ಗುರುತು.

"ಪೇಜ್ ಕಳೆದುಹೋಯ್ತು. ನಾನೇ ತಪ್ಪಾಗಿ ಕಾಪಿ ಮಾಡ್ಕೊಂಡಿದ್ದೆ, ಸಾರಿ ಮಿಸ್" ಎಂದಳು ದೀಕ್ಷಿತಾ. ಆಂಟಿಯ ಕಡೆ ನೋಡಲೂ ಇಲ್ಲ.

ಆಗಲಾದರೂ ಬಾಯಿ ಬಿಡಬೇಕಿತ್ತು. ಭವ್ಯಶ್ರೀ ಮಗಳನ್ನು ಅಲ್ಲೇ, ಎಲ್ಲರೆದುರು, "ಮೇಡಂ ಅಷ್ಟು ಕಷ್ಟಪಟ್ಟು ಹೇಳ್ಕೊಟ್ರೆ ನೀನ್ ಹೀಗೆ ಬರ್ಕೊಳ್ಳೋದಾ?" ಎಂದು ಬೈದಳು. ಮೇಡಂ ತಲೆ ತಗ್ಗಿಸಿ ತನ್ನ ಹ್ಯಾಂಡ್‌ಬ್ಯಾಗಿನ ಜಿಪ್ಪನ್ನು ನೋಡುತ್ತ ಕೂತಿದ್ದಳು. ಲೆಕ್ಕದ ತಕರಾರು ಅಲ್ಲಿಗೆ ಮುಗಿಯಿತು. ಆದರೆ ಐದು ಮನೆಗಳಿಗೆ ಟೀಚರ ಮೇಲೆ ನಂಬಿಕೆಯಿಲ್ಲವಲ್ಲ, ವಿಷಯ ತಣ್ಣಗಾಗುವವರೆಗೆ ಈ ಕ್ಲಾಸನ್ನು ಬೇರೆಯವರಿಗೆ ಕೊಡುತ್ತೇನೆ ಎಂದರು ಪ್ರಿನ್ಸಿಪಾಲರು. ಮಿಸ್ ಲೆಚುಮಿ ಸರಿ ಎಂದು ಫೈಲು ಮುಚ್ಚಿದರು.

ಎರಡು ದಿನ ಬಿಟ್ಟು ಬುಧವಾರ ದೀಕ್ಷಿತಾ ಎಂದಿನಂತೆ ಬಂದಳು. ಹೋಗುವಾಗ ಎಲ್ಲರೂ ಲಿಫ್ಟಿನ ಕಡೆ ನಡೆದ ಮೇಲೆ ಮಡಚಿದ ಹಾಳೆಯೊಂದನ್ನು ಮೇಜಿನ ಮೇಲಿಟ್ಟು, "ಆಂಟಿ, ದಿಸ್ ಈಸ್ ಯುವರ್ಸ್" ಎಂದು ಹೊರಟುಹೋದಳು. ಮುತ್ತಿನಂಥ ಅಕ್ಷರ, ಚೌಕ, ಮೂಲೆಯಲ್ಲಿ ನಕ್ಷತ್ರ. ನಾಲ್ಕನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು ಸ್ವರ್ಣಲತಾ ತನ್ನ ಕೈಯಾರೆ ಬರೆದಿದ್ದಳು: ಎಂದಿಗೂ ಮರೆಯಬೇಡ.

ಅವಳಿಗೆ ಅಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹದಿನೇಳರ ಹುಡುಗಿ ತನ್ನ ಮಾನ ಉಳಿಸಲು ಅಮ್ಮನ ಹತ್ತಿರ ಬೈಗುಳ ತಿಂದಿದ್ದಾಳೆ. ತಾನು ತಿನ್ನಲು ಬಿಟ್ಟಿದ್ದೇನೆ. ಇಷ್ಟಾದರೂ ಇನ್ನೊಂದು ವಾರ ಕಳೆಯಿತು ನೋಡಿ. ದಿನಕ್ಕೆ ಹತ್ತು ಸಲ ಗುಂಪಿಗೆ ಬರೆಯುವುದು, ಸಣ್ಣ ಕನ್ಫ್ಯೂಶನ್ ಆಗಿತ್ತು ಎಂದು, ಎರಡೂ ವಿಧಾನ ಇದೆ ಎಂದು, ಮತ್ತೆ ಅಳಿಸುವುದು. ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಒಂದು ಮೆಸೇಜಿನಲ್ಲಿ ಹೋಗುತ್ತದಲ್ಲ ಎಂಬ ಸಂಕಟ ಒಂದು ಕಡೆ, ಆ ಹೆಸರು ಈಗ ಯಾರ ಬೆನ್ನ ಮೇಲೆ ನಿಂತಿದೆ ಎಂಬ ನಾಚಿಕೆ ಇನ್ನೊಂದು ಕಡೆ.

ಮುಂದಿನ ಬುಧವಾರ ಬೆಳಿಗ್ಗೆ ಗ್ರ್ಯಾಬ್ ಟ್ಯಾಕ್ಸಿ ಮಾಡಿಕೊಂಡು ಸ್ಕೂಲಿಗೆ ಹೋದಳು. ಮಿಸ್ ಲೆಚುಮಿ ಸ್ಟಾಫ್ ರೂಮಿನ ಹೊರಗೆ ಸಣ್ಣ ಮಕ್ಕಳ ಪುಸ್ತಕಗಳ ಗುಡ್ಡೆ ಇಟ್ಟುಕೊಂಡು ತಿದ್ದುತ್ತಿದ್ದರು. ಸ್ವರ್ಣಲತಾ ಏನೂ ಪೀಠಿಕೆ ಹಾಕದೆ ಹಾಳೆ ಬಿಡಿಸಿ ಮುಂದಿಟ್ಟಳು.

"ಇದು ನನ್ನ ಅಕ್ಷರ. ತಪ್ಪು ನನ್ನದು, ಮಗುವಿನದಲ್ಲ. ನಿಮ್ಮ ಬಗ್ಗೆ ನಾನು ಕೆಟ್ಟ ಮಾತೂ ಆಡಿದ್ದೀನಿ."

"ಗೊತ್ತು ಮೇಡಂ" ಎಂದರು ಅವರು ಇಂಗ್ಲಿಷಿನಲ್ಲಿ, ಸಮಾಧಾನವಾಗಿ. "ಆ ಮೆಸೇಜ್ ನನಗೂ ಯಾರೋ ಕಳಿಸಿದ್ದರು. ಕಳೆದುಹೋದ ಪೇಜನ್ನು ಯಾರೂ ಸ್ಕೇಲ್ ಇಟ್ಟು ಹರಿಯುವುದಿಲ್ಲ. ಹುಡುಗಿ ಯಾರನ್ನೋ ಕಾಪಾಡುತ್ತಿದ್ದಾಳೆ ಅಂತ ಅವತ್ತೇ ಅಂದುಕೊಂಡೆ. ನೀವು ಬರುತ್ತೀರಿ ಅಂತಲೂ ಅಂದುಕೊಂಡೆ. ಒಂಬತ್ತು ದಿನ ಆಯಿತು."

ಅವರು ಎಣಿಸಿದ್ದರು. ಸ್ವರ್ಣಲತಾ ಅಲ್ಲೇ ಒಂದು ಹಾಳೆ ಕೇಳಿ ಪಡೆದು ಪ್ರಿನ್ಸಿಪಾಲರಿಗೆ ಪತ್ರ ಬರೆದುಕೊಟ್ಟಳು. ಹೊರಗೆ ಬಂದು, ಆ ಹಳೆಯ ಪುಟದ ಫೋಟೋ ತೆಗೆದು ಗುಂಪಿಗೆ ಹಾಕಿ ಕೆಳಗೆ ಬರೆದಳು: ಈ ಅಕ್ಷರ ನನ್ನದು, ತಪ್ಪೂ ನನ್ನದು, ಟೀಚರು ಹೇಳಿದ್ದು ಸರಿ, ದೀಕ್ಷಿತಾ ನನಗೋಸ್ಕರ ಸುಳ್ಳು ಹೇಳಿದಳು, ಎಸ್ಟೇಟ್ ಮಾತಿಗೆ ನಾನು ನಾಚುತ್ತೇನೆ. ನಗುವ ಮುಖ ಕಳಿಸಿದ ಹನ್ನೆರಡು ಜನರಲ್ಲಿ ಯಾರೂ ಮಾತಾಡಲಿಲ್ಲ. ಭವ್ಯಶ್ರೀ ಮಾತ್ರ ಬರೆದಳು: "ನನ್ನ ಮಗಳಿಗೆ ಎಲ್ಲರ ಮುಂದೆ ಬೈದೆನಲ್ಲ ಮೇಡಂ, ನೀವು ಪಕ್ಕದಲ್ಲೇ ಕೂತಿದ್ರಿ."

ಸಂಜೆ ಐದಕ್ಕೆ ಅಭ್ಯಾಸಬಲದಿಂದ ಐದು ಕುರ್ಚಿ ಎಳೆದಿಟ್ಟಳು. ಐದೂವರೆಗೆ ದೀಕ್ಷಿತಾ ಒಬ್ಬಳೇ ಬಂದಳು.

"ಅಮ್ಮಂಗೆ ಹೇಳಿ ಬಂದ್ಯಾ?"

"ಹೇಳ್ದೆ. ಶಿ ಸೆಡ್ ಗೋ, ಬಟ್ ಡೋಂಟ್ ಸಿಂಗ್."

ಸ್ವರ್ಣಲತಾಗೆ ನಗು ಬರಲಿಲ್ಲ. ಬೆಳಗಿನಿಂದ ಸಾರಿ ಎಂಬ ಮಾತನ್ನು ಎಷ್ಟು ಸಲ ಬರೆದಿದ್ದಳೋ, ಈ ಹುಡುಗಿಯೆದುರು ಅದು ಹಗುರಾಗಿ ಕಂಡಿತು. "ತಪ್ಪಾಯ್ತು ಪುಟ್ಟಿ" ಎಂದಳು. "ಪ್ರಿನ್ಸಿಪಾಲರ ಹತ್ರ ಹೋದ್ವಲ್ಲ, ಅದರ ಹಿಂದಿನ ದಿನ ಭಾನುವಾರ ಕ್ಯಾಲ್ಕುಲೇಟರ್ ಒತ್ತಿದಾಗ್ಲೇ ನಂಗೆ ಗೊತ್ತಾಯ್ತು. ಆದ್ರೂ ಸುಮ್ನಿದ್ದೆ."

"ನಂಗೆ ಅದಕ್ಕೂ ಮುಂಚೆ ಗೊತ್ತಿತ್ತು ಆಂಟಿ. ಪೇಪರ್ ತಂದ್ನಲ್ಲ, ಅವತ್ತೇ ಥರ್ಟಿ ಹಾಕಿ ನೋಡ್ದೆ. ಬರ್ಲಿಲ್ಲ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

ದೀಕ್ಷಿತಾ ಮಾತು ತಪ್ಪಬಾರದೆಂಬಂತೆ ನಿಧಾನವಾಗಿ, ಪೂರ್ತಿ ಕನ್ನಡದಲ್ಲೇ ಹೇಳಿದಳು. "ನೀವು ಕೇಳ್ಲೇ ಇಲ್ವಲ್ಲ ಆಂಟಿ. ಯಾವಾಗ್ಲೂ ಹಾಡು ಅಂತ ಮಾತ್ರ ಹೇಳ್ತಿದ್ರಿ."

ಐದು ವರ್ಷ ಈ ಮೇಜಿನ ಸುತ್ತ, ಅದಕ್ಕೂ ಹಿಂದೆ ಹನ್ನೊಂದು ವರ್ಷ ಎಂಬತ್ತು ಎಂಬತ್ತು ಮಕ್ಕಳು. ಅವರಲ್ಲಿ ಒಬ್ಬರನ್ನಾದರೂ ನಿನಗೇನನ್ನಿಸುತ್ತದೆ ಎಂದು ಕೇಳಿದ ನೆನಪು ಅವಳಿಗೆ ಬರಲಿಲ್ಲ. ಬಹಳ ಹೊತ್ತು ಹುಡುಕಿದಳು, ಬರಲಿಲ್ಲ. ಬಿಳಿ ಹಾಳೆಯೊಂದನ್ನು ದೀಕ್ಷಿತಾಳ ಕಡೆಗೆ ಸರಿಸಿ, ಪೆನ್ನನ್ನು ಅವಳ ಕೈಗೆ ಕೊಟ್ಟು, ತಾನು ಮಕ್ಕಳ ಕುರ್ಚಿಯೊಂದರಲ್ಲಿ ಕೂತಳು.

"ಆ ಮೈನಸ್ ಎಲ್ಲಿಂದ ಬರುತ್ತೆ" ಎಂದು ಕೇಳಿದಳು, "ಮಿಸ್ ಲೆಚುಮಿ ಹೇಗೆ ಹೇಳ್ಕೊಟ್ರು?"