ಹಿಂದಿನ ಸೀಟಿನ ಚಾದರ

ನಮ್ಮ ಕಾರನ್ನು ಹೊಗಳಲು ನನ್ನನ್ನು ಯಾರೂ ಕೇಳಬೇಕಾಗಿಲ್ಲ. ಬೀಗರ ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಮಾತು ಹೇಗೋ ಅಲ್ಲಿಗೇ ಬಂದು ನಿಲ್ಲುತ್ತದೆ. ಪೆಟ್ರೋಲು, ಬ್ಯಾಟರಿ ಎರಡರಲ್ಲೂ ಓಡುವ ಹೈಬ್ರಿಡ್ ಅದು. ಕೊಳ್ಳುವಾಗಲೇ ಸಾಕಷ್ಟು ಓಡಿತ್ತು. ನನ್ನ ಕೈಗೆ ಬಂದಮೇಲೆ ಓಡಿದ್ದಕ್ಕೆ ಲೆಕ್ಕವಿಲ್ಲ. ಬ್ರೇಕ್ ಒತ್ತಿದಾಗ ಬೇರೆ ಕಾರುಗಳು ಸುಮ್ಮನೆ ಕಳೆದುಬಿಡುವ ಶಕ್ತಿಯನ್ನು ಇದು ಕರೆಂಟು ಮಾಡಿ ಬ್ಯಾಟರಿಯಲ್ಲಿ ಕೂಡಿಡುತ್ತದೆ. ಹರಿದ ಸೀರೆಯ ಅಂಚನ್ನೂ ಸುತ್ತಿ ಎತ್ತಿಡುವ ನನ್ನ ಸೋದರತ್ತೆ ಸಿದ್ದವ್ವನಿಗೆ ಇದನ್ನು ಹೇಳಿದಾಗ, "ಹಂಗಾದ್ರ ಇದು ನಮ್ಮ ಮನಿತನದ್ದ ಐತಿ ಬಿಡು" ಅಂದಿದ್ದಳು.

ಹಿಂದಿನ ಸೀಟು ಅತ್ತೆಯದೇ. ನಮ್ಮದು ಮೂಲತಃ ಬೋರಾಮಣಿಯ ಕುರಿ ಕಾಯುವ ಮನೆ. ಅಪ್ಪ ಬಟ್ಟೆ ಗಿರಣಿಯ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಬಂದ. ನಾನು ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಚಾದರ ನೇಯಿಸುತ್ತೇನೆ. ಆದರೂ ಅಮಾವಾಸ್ಯೆ ಬಂತೆಂದರೆ ಅತ್ತೆಯನ್ನು ಕೂರಿಸಿಕೊಂಡು, ಅಕ್ಕಲಕೋಟ ದಾಟಿ, ತಡವಳದ ಕಡೆಯ ನಮ್ಮ ಕುಲದೇವರು ಬೀರೋಬಾನ ಗುಡಿಗೆ ಹೋಗಲೇಬೇಕು. ಕಾರು ನಿಧಾನವಾದಾಗ ಬ್ಯಾಟರಿಯ ಮೇಲೆ ಸದ್ದಿಲ್ಲದೆ ಸಾಗುತ್ತದೆ. ದಾರಿಯಲ್ಲಿ ಕುರಿಹಿಂಡು ಎದುರಾದರೆ ಹಿಂದೆ ಕಾರು ಬಂದದ್ದೇ ಅವಕ್ಕೆ ಗೊತ್ತಾಗುವುದಿಲ್ಲ. ಹಾರ್ನ್ ಹೊಡೆದರೆ ಬೆದರಿ ಇನ್ನಷ್ಟು ಅಡ್ಡಾದಿಡ್ಡಿಯಾಗುತ್ತವೆ. ಆಗ ಅತ್ತೆ ಗಾಜು ಇಳಿಸಿ, ನಾಲಿಗೆ ಮಡಿಸಿ ಒಂದು ಕೂಗು ಹಾಕುತ್ತಾಳೆ. ಹಿಂಡು ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಂದ ಗುಡಿ ಬರುವವರೆಗೂ ಅತ್ತೆಯ ಗತ್ತು ನೋಡಬೇಕು.

ಈ ಬೇಸಿಗೆಯಲ್ಲಿ ಕಾರಿನ ಸ್ಟೇರಿಂಗಿನ ಮುಂದೆ ಕೆಂಪು ದೀಪ ಹತ್ತಿತು. ಎಂಜಿನ್ನು ಹೊತ್ತುಗೊತ್ತಿಲ್ಲದೆ ಗುರುಗುಟ್ಟತೊಡಗಿತು. ಬ್ಯಾಟರಿ ಸೋತಿದೆ, ಹೊಸದು ಹಾಕಿಸಿ ಇಲ್ಲವೇ ಮಾರಿಬಿಡಿ ಎಂದರು ಗ್ಯಾರೇಜಿನವರು.

ನನ್ನ ಹೆಂಡತಿ ಸುಮಂಗಲಾಳ ತೀರ್ಪು ತಡವಾಗಲಿಲ್ಲ. "ಇಷ್ಟ ಓಡಿದ ಗಾಡಿಗಿ ಹೊಸಾ ಬ್ಯಾಟರಿ ಅಂದ್ರ ಹಳೇ ಅಂಗಿಗಿ ಬಂಗಾರದ ಗುಂಡಿ ಹಚ್ಚಿದಂಗ ಆತ್ರಿ. ಎತ್ತರಂದೊಂದು ಗಾಡಿ ತಗೊಂಡುಬಿಡ್ರಿ."

ಎತ್ತರದ ಗಾಡಿ ಹತ್ತಲು ಅತ್ತೆಯ ಮಂಡಿ ಒಪ್ಪುವುದಿಲ್ಲ. ಸುಮಂಗಲಾ ಸ್ಟೂಲು ಇಡೋಣ ಅಂದಳು. ಅತ್ತೆ ಸ್ಟೂಲಿನ ಮಾತೇ ಎತ್ತಲಿಲ್ಲ. "ಇನ್ನ ಮ್ಯಾಲ ಮನ್ಯಾಗ ಕುಂತ ಬೀರೋಬಾಗ ಕೈ ಮುಗೀತೀನಿ ತಗೋ" ಅಂದು ಎಲೆ ಅಡಿಕೆ ಹಾಕಿಕೊಂಡಳು. ನನಗೆ ಅಂದು ಊಟ ಸೇರಲಿಲ್ಲ.

ಇಷ್ಟಕ್ಕೂ ಬ್ಯಾಟರಿ ಬದಲಿಸಿದರೆ ಅದು ಅದೇ ಕಾರಾಗಿ ಉಳಿಯುತ್ತದೆಯೇ? ಇಂಥ ಪ್ರಶ್ನೆಗಳಲ್ಲಿ ತತ್ವಜ್ಞಾನಿಗಳು ಆಯುಷ್ಯ ಕಳೆದಿದ್ದಾರೆ. ನಮ್ಮ ಶೆಡ್ಡಿನಲ್ಲಿ, ಗಿರಣಿ ಬಿಟ್ಟಮೇಲೆ ಅಪ್ಪ ಹಾಕಿದ್ದು, 'ಅಪ್ಪನ ಮಗ್ಗ' ಅಂತ ಒಂದಿದೆ. ಅದರ ಮೋಟರು ಬದಲಾಗಿದೆ, ಪಟ್ಟಾ ಬದಲಾಗಿದೆ, ಲಾಳಿಗಳಂತೂ ಎಷ್ಟೋ ಸವೆದುಹೋದವು. ಅಪ್ಪನ ಕೈ ತಾಗಿದ ಭಾಗ ಯಾವುದು ಉಳಿದಿದೆಯೋ ನನಗೇ ಗೊತ್ತಿಲ್ಲ. ಆದರೂ ನೂಲು ಹರಿದರೆ ನೇಕಾರರು "ಅಪ್ಪಾರ ಮಗ್ಗ ನಿಂತೈತ್ರಿ" ಎಂದೇ ಕೂಗುತ್ತಾರೆ. ಹೆಸರು ಹಿಡಿದು ಕರೆಯುವವರು ಇರುವತನಕ ಮಗ್ಗವೂ ಇರುತ್ತದೆ.

ಆದರೂ ಹೊಸ ಬ್ಯಾಟರಿಗೆ ದುಡ್ಡು ಹಾಕುವ ಧೈರ್ಯವಾಗದೆ, ಕೊಳ್ಳುವವರಿಗೆ ತೋರಿಸಲು ಕಾರು ಸ್ವಚ್ಛ ಮಾಡತೊಡಗಿದೆ. ಹಿಂದಿನ ಸೀಟಿನ ಚಾದರ ಎಳೆದೆ. ನಾವು ಸೊಲ್ಲಾಪುರದವರು ಯಾವುದನ್ನೂ ಬರಿಮೈಯಲ್ಲಿ ಬಿಡುವವರಲ್ಲ. ಸೋಫಾ, ಫ್ರಿಜ್ಜು, ಟಿವಿ, ಎಲ್ಲಕ್ಕೂ ಚಾದರ. ಇದು ಅಪ್ಪನ ಮಗ್ಗದಲ್ಲೇ ನೇಯ್ದ ದಪ್ಪ ಚಾದರ. ಅದರ ಅಂಚು ಸೀಟಿನ ಪಕ್ಕದ ಒಂದು ಜಾಲರಿಯಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಒಳಗೆ ನೂಲಿನ ಜುಂಗು, ಬೀರೋಬಾನ ಭಂಡಾರದ ಅರಿಶಿನ ಪುಡಿ. ಬ್ಯಾಟರಿ ತಂಪಾಗಲು ಗಾಳಿ ಎಳೆದುಕೊಳ್ಳುವ ಮೂಗು ಅದೇ ಆಗಿತ್ತು. ಅದನ್ನು ಮುಚ್ಚಬೇಡಿರೆಂದು ಕಾರಿನ ಕೈಪಿಡಿಯಲ್ಲೇ ಬರೆದಿದೆ. ಕೈಪಿಡಿಯನ್ನು ನಾವು ಚಾದರದ ಕೆಳಗೆ ಜೋಪಾನವಾಗಿ ಇಟ್ಟಿದ್ದೆವು.

ಅತ್ತೆಗೆ ತೋರಿಸಿದೆ. ಬೆರಳಿನಿಂದ ಜುಂಗು ಎಳೆದು ನೋಡಿದಳು. "ಸೊಂಟಕ್ಕ ಗಾಳಿ ಹತ್ತತೈತಂತ ನಾನ ತುರುಕಿದ್ನೆಪ್ಪ. ಅದಕ್ಕೂ ಉಸುರು ಐತಿ ಅಂತ ಯಾರಿಗಿ ಗೊತ್ತಿತ್ತು."

ಜಾಲರಿ ಸ್ವಚ್ಛ ಮಾಡಿದಮೇಲೆ ದೀಪ ಆರಿತು, ಕೆಲವು ದಿನ ಬಿಟ್ಟು ಮತ್ತೆ ಹತ್ತಿತು. ವಯಸ್ಸೂ ಆಗಿತ್ತು, ನಾವು ಉಸಿರೂ ಕಟ್ಟಿಸಿದ್ದೆವು. ಈಗ ಸುಮಂಗಲಾಳೇ ತೀರ್ಪು ತಿದ್ದಿದಳು. "ನಾವ ಉಸುರ ಕಟ್ಟಿಸಿ, ಮುದಿಯಾತಂತ ನಾವ ಮಾರೂದು ಚಲೋ ಅಲ್ರಿ. ಹಾಕಿಸಿಬಿಡ್ರಿ." ಹೊಸ ಬ್ಯಾಟರಿ ಬಂತು. ಇದು ನನ್ನದೇ ನಿರ್ಧಾರವೆಂದು ಊರಲ್ಲಿ ಹೇಳಿಕೊಂಡು ತಿರುಗುತ್ತಿದ್ದೇನೆ.

ಮುಂದಿನ ಅಮಾವಾಸ್ಯೆಗೆ ಹೊರಟೆವು. ತಡವಳದ ಹತ್ತಿರ ಕುರಿಹಿಂಡು ರಸ್ತೆ ತುಂಬಿತ್ತು. ಕಾರು ಮೊದಲಿನ ಹಾಗೆ ಸದ್ದಿಲ್ಲದೆ ಹಿಂದೆ ಹೋಗಿ ನಿಂತಿತು. ಒಂದು ಕುರಿಯೂ ತಿರುಗಿ ನೋಡಲಿಲ್ಲ. ನಾನು ಹಾರ್ನಿಗೆ ಕೈ ಹಾಕಲಿಲ್ಲ. ಹಿಂದೆ ಗಾಜು ಇಳಿಯಿತು, ಆ ಕೂಗು ಕೇಳಿತು, ಹಿಂಡು ದಾರಿ ಬಿಟ್ಟಿತು.

"ಗಾಡಿ ಸುಮ್ಮನಾತು, ನನ್ನ ಕೆಲಸ ನನಗ ಬಂತು" ಅಂದಳು ಅತ್ತೆ. ಕನ್ನಡಿಯಲ್ಲಿ ನೋಡಿದೆ. ಚಾದರದ ಅಂಚು ಜಾಲರಿಗೆ ತಾಗದಂತೆ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಗುಡಿ ಬರುವವರೆಗೂ ಬಿಡಲಿಲ್ಲ.